ಹಿಂದುಳಿದವನ ವರದಿ

ನಮ್ಮ ಓಟದ ಬಳಗದಲ್ಲಿ ಎಲ್ಲರಿಗೂ ಒಂದೊಂದು ಹುದ್ದೆ ಇದೆ. ಮೊಬೈಲಿನಲ್ಲಿ ಗುಂಪು ಕಟ್ಟಿದವರು ಕ್ಯಾಪ್ಟನ್. ನೀರಿನ ಕ್ಯಾನು ತರುವವರು, ಅವರ ಹತ್ತಿರ ಕಾರಿದೆ ಎಂಬ ಒಂದೇ ಕಾರಣಕ್ಕೆ, ವ್ಯವಸ್ಥಾಪಕರು. ಫೋಟೊ ತೆಗೆಯುವ ಹುಡುಗ ಪ್ರಚಾರ ಮಂತ್ರಿ. ನಾನು ವಾರದ ವರದಿಗಾರ. ಭಾನುವಾರ ಬೆಳಿಗ್ಗೆ ಯಾರು ಬಂದರು, ಎಷ್ಟು ಓಡಿದರು, ಆಮೇಲೆ ಎಲ್ಲಿ ಏನು ತಿಂದರು ಎಂಬುದನ್ನೆಲ್ಲ ಅಂದೇ ಮಧ್ಯಾಹ್ನ ಊಟಕ್ಕೆ ಮುಂಚೆ ಬರೆದು ಗುಂಪಿಗೆ ಹಾಕುವುದು ನನ್ನ ಕೆಲಸ. ಊಟಕ್ಕೆ ಮುಂಚೆಯೇ ಯಾಕೆಂದರೆ, ಭಾನುವಾರ ಊಟವಾದ ಮೇಲೆ ಓಡಿದವರು ಯಾರೂ ಎಚ್ಚರವಾಗಿರುವುದಿಲ್ಲ.

ಈ ಪದವಿ ನನಗೆ ದಕ್ಕಿದ್ದು ಕಾಲಿನ ಕೃಪೆಯಿಂದ. "ನೋಡಿ ಸಾರ್, ಮುಂದೆ ಓಡೋರಿಗೆ ರಸ್ತೆ ಬಿಟ್ಟು ಇನ್ನೇನೂ ಕಾಣಲ್ಲ. ನೀವು ಎಲ್ಲರ ಹಿಂದೆ ಇರ್ತೀರಿ. ನಿಮಗೆ ಎಲ್ಲರೂ ಕಾಣ್ತಾರೆ" ಎಂದರು ಕ್ಯಾಪ್ಟನ್. ಇಷ್ಟು ಮರ್ಯಾದೆಯಿಂದ ಯಾರೂ ನನ್ನನ್ನು ನಿಧಾನ ಎಂದಿರಲಿಲ್ಲ. ಒಪ್ಪಿಕೊಂಡುಬಿಟ್ಟೆ.

ನಮ್ಮ ಓಟದ ಜಾಗ ಮೈಸೂರಿನ ಕುಕ್ಕರಹಳ್ಳಿ ಕೆರೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಊರಾಚೆಯ ಜಮೀನಿಗೆ ನೀರಾಗಲೆಂದು ಕಟ್ಟಿಸಿದ್ದು. ಈಗ ಆ ಜಮೀನೂ ಇಲ್ಲ, ಆ ಊರಾಚೆಯೂ ಇಲ್ಲ. ಒಂದು ಕಡೆ ವಿಶ್ವವಿದ್ಯಾನಿಲಯ, ಉಳಿದ ಕಡೆ ಬಡಾವಣೆಗಳು. ಯಾರ ಬೆಳೆಯನ್ನೂ ಬೆಳೆಸುವ ಹೊಣೆಯಿಲ್ಲದ ಕೆರೆ, ದಿನಾ ಬೆಳಿಗ್ಗೆ ಮೈಸೂರಿನವರ ಹೊಟ್ಟೆ ಕರಗಿಸುವ ಪ್ರಯತ್ನದಲ್ಲಿ ತೊಡಗಿದೆ. ಫಲಿತಾಂಶ ಇನ್ನೂ ಬರಬೇಕಿದೆ. ಕುವೆಂಪು ಈ ಏರಿಯ ಮೇಲೆ ನಡೆದಾಡುತ್ತಿದ್ದರು, ಆರ್. ಕೆ. ನಾರಾಯಣ್ ಅವರೂ ನಡೆದಾಡುತ್ತಿದ್ದರು. ನಡೆದವರಿಗೆ ಸಾಹಿತ್ಯ ಒಲಿಯಿತು, ಓಡುವ ನಮಗೆ ಬೆವರು ಒಲಿದಿದೆ.

ಹಾಗೆ ನೋಡಿದರೆ ನಡೆಯುವವರಿಗೂ ನನಗೂ ಇರುವ ವ್ಯತ್ಯಾಸ ಉಡುಪಿನದ್ದು ಮಾತ್ರ. ಉಣ್ಣೆ ಟೋಪಿ ಹಾಕಿಕೊಂಡು, ಫೋನಿನಲ್ಲಿ ಯಾವುದೋ ಸೈಟಿನ ಖಾತೆಯ ಜಗಳ ಬಿಡಿಸುತ್ತ ಬರುವ ಯಜಮಾನರೊಬ್ಬರು ನನ್ನನ್ನು ದಾಟಿ ಹೋಗುತ್ತಾರೆ. ದಾಟುವಾಗ ಅವರ ದನಿಯಲ್ಲಿ ಏದುಸಿರಿನ ಸುಳಿವೂ ಇರುವುದಿಲ್ಲ. ಇನ್ನೊಂದು ದಿನ ಎದುರಿಗೆ ಬಂದ ಅಜ್ಜಿಯೊಬ್ಬರು ನಿಂತು, ಕನಿಕರದಿಂದ, "ಯಾಕಪ್ಪ ಕುಂಟ್ತಾ ಇದೀಯ, ಕಾಲು ಉಳುಕಿತಾ?" ಎಂದು ಕೇಳಿದರು. ನಾನು ಆಗ ನನ್ನ ಅತ್ಯುತ್ತಮ ವೇಗದಲ್ಲಿದ್ದೆ. "ಹೌದಮ್ಮ, ಸ್ವಲ್ಪ" ಎಂದೆ. ಹಿರಿಯರ ಮಾತಿಗೆ ಎದುರಾಡಬಾರದು.

ಕೆರೆಯ ಒಂದು ಸುತ್ತು ಐದು ಕಿಲೊಮೀಟರಿಗೆ ಹತ್ತಿರ. ಈ 'ಹತ್ತಿರ' ಎಂಬುದೇ ನಮ್ಮವರ ನೆಮ್ಮದಿ ಕೆಡಿಸುವುದು. ಮುಂಗೈಗೆ ಕಟ್ಟಿದ ಗಡಿಯಾರ ಆಕಾಶದ ಉಪಗ್ರಹಗಳನ್ನು ಕೇಳಿ ದೂರ ಅಳೆಯುತ್ತದಷ್ಟೆ? ಮರದ ನೆರಳಿನಲ್ಲಿ ಅದಕ್ಕೂ ಸ್ವಲ್ಪ ದಿಕ್ಕು ತಪ್ಪುತ್ತದೆ. ಒಂದೇ ದಾರಿಯಲ್ಲಿ ಒಟ್ಟಿಗೆ ಓಡಿದ ಇಬ್ಬರಿಗೆ ಗೇಟಿನ ಹತ್ತಿರ ಎರಡು ಲೆಕ್ಕ. ಒಬ್ಬರದು ಐದು ತುಂಬಿರುತ್ತದೆ, ಇನ್ನೊಬ್ಬರದು 4.97ಕ್ಕೆ ನಿಂತಿರುತ್ತದೆ. ಆ ಮೂವತ್ತು ಮೀಟರನ್ನು ದೇವರಿಗೆ ಬಿಟ್ಟುಕೊಡುವ ಉದಾರಿಗಳು ನಮ್ಮಲ್ಲಿಲ್ಲ. ಬ್ಯಾಂಕಿನಿಂದ ನಿವೃತ್ತರಾದ ನಮ್ಮ ಹಿರಿಯ ಸದಸ್ಯರು, ಜೀವಮಾನವೆಲ್ಲ ಲೆಕ್ಕ ತಾಳೆ ಮಾಡಿದವರು, ನಿಲ್ಲಿಸಿದ ಸ್ಕೂಟರುಗಳ ಸುತ್ತ ಗಿರಕಿ ಹೊಡೆದು ಐದು ತುಂಬಿಸಿಯೇ ಗಡಿಯಾರ ಒತ್ತುವುದು. ಗೊತ್ತಿಲ್ಲದವರು ಪಾಪ, ಬೀಗದ ಕೈ ಕಳೆದುಕೊಂಡಿದ್ದಾರೆ ಎಂದು ತಾವೂ ಬಗ್ಗಿ ಹುಡುಕತೊಡಗುತ್ತಾರೆ.

ಅವರನ್ನು ನೋಡಿ ನಗುವ ಹಕ್ಕು ನಮಗಿಲ್ಲ. ಮ್ಯಾರಥಾನಿನ 42.195 ಕಿಲೊಮೀಟರೂ ಹೀಗೆ ಗಿರಕಿ ಹೊಡೆದು ಹುಟ್ಟಿದ್ದೇ. 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಓಟ ವಿಂಡ್ಸರ್ ಅರಮನೆಯಲ್ಲಿ ಶುರುವಾಗಿ ಕ್ರೀಡಾಂಗಣದಲ್ಲಿ ರಾಜಮನೆತನದವರ ಆಸನದ ಎದುರಿಗೆ ಮುಗಿಯಿತು. ಅಳೆದರೆ 26 ಮೈಲಿ 385 ಗಜ. 1921ರಲ್ಲಿ ಅದನ್ನೇ ಜಗತ್ತಿಗೆಲ್ಲ ಖಾಯಂ ಮಾಡಿದರು. ಅಂದಿನಿಂದ ಟೋಕಿಯೊದಲ್ಲಿ ಓಡಲಿ, ಬೆಂಗಳೂರಿನಲ್ಲಿ ಓಡಲಿ, ಕೊನೆಯ ಗಜದಲ್ಲಿ ಕಾಲು ಸೆಟೆದುಕೊಂಡವನು ಬೈಯಬೇಕಾದ್ದು ಆ ಆಸನವನ್ನು. ಇಂಗ್ಲೆಂಡಿನ ಅರಸರ ಮುಂದೆ ಓಟ ಮುಗಿಯಬಹುದಾದರೆ ನಮ್ಮದು ಎಳನೀರಿನ ಗಾಡಿಯ ಮುಂದೆ ಮುಗಿದರೆ ತಪ್ಪೇನು? ಓಡಿ ಬಂದವನ ಪಾಲಿಗೆ ಆ ಹೊತ್ತಿನ ಸಾರ್ವಭೌಮ ಎಳನೀರಿನವನೇ.

ವರದಿಯ ಮಾತು ಹೇಳುತ್ತಿದ್ದೆ. ಓಟಕ್ಕೂ ವರದಿಗೂ ನಂಟು ಹಳೆಯದು. ಕ್ರಿ.ಪೂ. 490ರಲ್ಲಿ ಮ್ಯಾರಥಾನ್ ಬಯಲಿನಲ್ಲಿ ಪರ್ಷಿಯನ್ನರನ್ನು ಸೋಲಿಸಿದ ಸುದ್ದಿ ಹೊತ್ತು ಒಬ್ಬ ಅಥೆನ್ಸಿಗೆ ಓಡಿದ, ಗೆದ್ದೆವು ಎಂದ, ಬಿದ್ದು ಸತ್ತ ಎಂದು ಕಥೆ. ಅಂದರೆ ಮೊದಲ ಮ್ಯಾರಥಾನಿಗನೂ ನನ್ನ ಹಾಗೆ ವರದಿಗಾರನೇ! ತಮಾಷೆಯೆಂದರೆ, ಆ ಯುದ್ಧದ ಚರಿತ್ರೆ ಬರೆದ ಹೆರೊಡೋಟಸ್ ಈ ಓಟದ ಸುದ್ದಿಯನ್ನೇ ಎತ್ತುವುದಿಲ್ಲ. ಅವನು ಹೇಳುವುದು ಯುದ್ಧಕ್ಕೆ ಮೊದಲು ನೆರವು ಕೇಳಲು ಸ್ಪಾರ್ಟಾಕ್ಕೆ, ಸುಮಾರು 240 ಕಿಲೊಮೀಟರ್, ಓಡಿದ ಫಿಡಿಪ್ಪಿಡಿಸನ ಬಗ್ಗೆ. ಓಡಿ ಬಂದು ಸತ್ತವನ ಕಥೆ ಕಾಣಿಸಿಕೊಳ್ಳುವುದು ಐನೂರು ವರ್ಷ ದಾಟಿದ ಮೇಲೆ, ಪ್ಲುಟಾರ್ಕ್ ಮತ್ತು ಲೂಸಿಯನ್ನರ ಬರಹದಲ್ಲಿ. ವರದಿ ಐನೂರು ವರ್ಷ ತಡವಾದರೂ ಜಗತ್ತು ಅದನ್ನು ನಂಬಿ ಓಡುತ್ತಿದೆ. ನನ್ನದು ಮಧ್ಯಾಹ್ನ ಮೂರು ಗಂಟೆಗೆ ಬಂದರೆ "ಏನ್ ಸಾರ್, ಈ ವಾರ ರಜವಾ?" ಎಂಬ ಕುಟುಕು.

ಗ್ರೀಸಿನವರೆಗೆ ಹೋಗುವುದೇಕೆ? ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ, ಚಿಕ್ಕದೇವರಾಜ ಒಡೆಯರ ಕಾಲದಲ್ಲೇ, ಮೈಸೂರು ಸೀಮೆಗೆ ತನ್ನದೇ ಅಂಚೆ ಇತ್ತು. 1889ರಲ್ಲಿ ಅದು ಬ್ರಿಟಿಷರ ಅಂಚೆಯಲ್ಲಿ ಸೇರಿಹೋಯಿತು. ಆ ಕಾಲದಲ್ಲಿ ಕಾಗದದ ಚೀಲ ಹೊತ್ತು, ಗೆಜ್ಜೆ ಕಟ್ಟಿದ ಕೋಲು ಹಿಡಿದು ಕಾಡುದಾರಿಯಲ್ಲಿ ಓಡಿದವರಿಗೆ ಎದುರಾಗುತ್ತಿದ್ದದ್ದು ಹುಲಿ, ಚಿರತೆ. ಗೆಜ್ಜೆಯ ಸದ್ದು ಅವಕ್ಕೆ ಎಚ್ಚರಿಕೆ, ಊರಿನವರಿಗೆ ಸಮಾಚಾರ. ಅವರು ಊರಿನವರ ಸುದ್ದಿ ಹೊತ್ತು ಓಡಿದರು. ನಾವು ನಮ್ಮದೇ ಸುದ್ದಿಯಾಗಲೆಂದು ಓಡುತ್ತೇವೆ. ನಮಗೆ ಎದುರಾಗುವ ಅತಿ ದೊಡ್ಡ ಕಾಡುಪ್ರಾಣಿ, ಬೆಲ್ಟು ಬಿಚ್ಚಿಸಿಕೊಂಡ ಯಾರದೋ ಮನೆಯ ಪಮೇರಿಯನ್.

ನಮ್ಮದೇ ಸುದ್ದಿ ಎಂದೆನಲ್ಲ, ಅದರ ಹಸಿವು ಎಷ್ಟೆಂಬುದು ಬರೆಯುವವನಿಗೇ ಗೊತ್ತು. ಓಡಿ ಬಂದವರ ಹೆಸರು ವರದಿಯಲ್ಲಿ ಬಿಟ್ಟುಹೋದರೆ, ಪಂಕ್ತಿಯಲ್ಲಿ ಕೂತವರಿಗೆ ಪಾಯಸ ಬಡಿಸದೆ ಮುಂದೆ ಹೋದ ಹಾಗೆ. ಬಾಯಿಬಿಟ್ಟು ಕೇಳುವುದಿಲ್ಲ, ಎಲೆ ಬಿಟ್ಟು ಏಳುವುದೂ ಇಲ್ಲ. ಮುಂದಿನ ವಾರ ನಮಸ್ಕಾರದಲ್ಲಿ ಒಂದು ಬೆರಳಿನಷ್ಟು ಅಂತರ ಕಾಣಿಸುತ್ತದೆ. ಹೆಸರು ಹಾಕಿದರೆ ಸಾಲದು, ವಿಶೇಷಣವೂ ಬೇಕು. ಒಬ್ಬರಿಗೆ 'ಮಿಂಚಿನ ಓಟ' ಎಂದು ಬರೆದರೆ ಇನ್ನೊಬ್ಬರಿಗೆ 'ಸ್ಥಿರವಾದ ಓಟ' ಎಂದು ಬರೆಯುವಂತಿಲ್ಲ. ಸ್ಥಿರ ಎಂದರೆ ನಿಂತಿದ್ದೆ ಎಂದರ್ಥವೇ ಎಂದು ಫೋನು ಬರುತ್ತದೆ. ಇರುವ ಹೊಗಳಿಕೆಗಳನ್ನೆಲ್ಲ ಬಳಸಿ ಮುಗಿಸಿ, ಈಗ ಹಳಗನ್ನಡಕ್ಕೆ ಕೈ ಹಾಕಿದ್ದೇನೆ. ಮೊನ್ನೆ ಸಾಫ್ಟ್‌ವೇರ್ ಕಂಪನಿಯ ಹುಡುಗಿಯೊಬ್ಬಳಿಗೆ 'ಅಪ್ರತಿಹತ' ಎಂದು ಬರೆದೆ. "ಅಂಕಲ್, ಅದು ಬೈಗುಳ ಅಲ್ಲ ತಾನೆ?" ಎಂದಳು.

ವರದಿಯಲ್ಲಿ ಮಂಡಿಗೆ ಒಂದು ಖಾಯಂ ಪ್ಯಾರಾ ಮೀಸಲು. ನಮ್ಮಲ್ಲಿ ಒಬ್ಬರು ಡಾಕ್ಟರಮ್ಮ ಇದ್ದಾರೆ. ಅವರು ಮಕ್ಕಳ ಡಾಕ್ಟರು ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಓಟ ಮುಗಿದ ಕೂಡಲೇ ಐವತ್ತು ದಾಟಿದ ಗಂಡಸರು ಪ್ಯಾಂಟು ಮಡಚಿ ಮಂಡಿ ತೋರಿಸುತ್ತ ಸಾಲಾಗಿ ನಿಲ್ಲುತ್ತಾರೆ. ಅವರು ತಮ್ಮ ಎಂದಿನ ರೋಗಿಗಳಿಗೆ ಹೇಳುವ ದನಿಯಲ್ಲೇ, "ಏನೂ ಆಗಿಲ್ಲ ಪುಟ್ಟ, ಎರಡು ದಿನ ಆಟ ಬೇಡ" ಎನ್ನುತ್ತಾರೆ. ಎಲ್ಲರಿಗೂ ಸಮಾಧಾನವಾಗುತ್ತದೆ.

ಶೂಗಳದ್ದು ಬೇರೆಯೇ ಪುರಾಣ. ಕಾಲೇಜಿನಲ್ಲಿ ಚರಿತ್ರೆ ಹೇಳುವ ಒಬ್ಬರು ಬರಿಗಾಲಿನ ಪಂಥದವರು. ಹೊಸ ಶೂ ಹಾಕಿಕೊಂಡು ಬಂದವರನ್ನು ಹಿಡಿದು ನಿಲ್ಲಿಸಿ, 1960ರ ರೋಮ್ ಒಲಿಂಪಿಕ್ಸಿನಲ್ಲಿ ಇಥಿಯೋಪಿಯದ ಅಬೆಬೆ ಬಿಕಿಲ ಬರಿಗಾಲಲ್ಲಿ ಓಡಿ ಮ್ಯಾರಥಾನ್ ಗೆದ್ದದ್ದನ್ನು ನೆನಪಿಸುತ್ತಾರೆ. 1964ರಲ್ಲಿ ಅದೇ ಬಿಕಿಲ ಟೋಕಿಯೊದಲ್ಲಿ ಶೂ ಹಾಕಿಕೊಂಡು ಓಡಿ ಮತ್ತೆ ಗೆದ್ದ, ಅದೂ ಅಪೆಂಡಿಕ್ಸ್ ಆಪರೇಷನ್ ಆಗಿ ಕೆಲವೇ ವಾರಗಳಲ್ಲಿ, ಎಂದು ನಾನು ಸೇರಿಸುತ್ತೇನೆ. ಅವರು ಆ ಭಾಗವನ್ನು ಪಠ್ಯಕ್ಕೆ ಇಟ್ಟಿಲ್ಲ.

ಆಗಾಗ ಚಾಮುಂಡಿ ಬೆಟ್ಟ. ಸಾವಿರ ಮೆಟ್ಟಿಲು, ಏಳುನೂರರ ಹತ್ತಿರ ದೊಡ್ಡ ನಂದಿ. ದೊಡ್ಡದೇವರಾಜ ಒಡೆಯರ ಕಾಲದಲ್ಲಿ ಒಂದೇ ಬಂಡೆಯಲ್ಲಿ ಕಡೆದ ಈ ನಂದಿ ಅಲ್ಲಿ ಕೂತದ್ದಕ್ಕೆ ಶಾಸ್ತ್ರದಲ್ಲಿ ಏನು ಕಾರಣವಿದೆಯೋ, ನನ್ನ ಮಟ್ಟಿಗಂತೂ ಆ ಎತ್ತರಕ್ಕೆ ಬಂದ ಯಾವ ಪ್ರಾಣಿಯಾದರೂ ಕೂರಲೇಬೇಕು. ನಾವು 'ಮೆಟ್ಟಿಲೋಟ' ಎಂದು ವರದಿಯಲ್ಲಿ ಬರೆದುಕೊಳ್ಳುತ್ತೇವೆ. ನಮ್ಮ ಪಕ್ಕದಲ್ಲೇ ಹರಕೆ ಹೊತ್ತ ಹೆಂಗಸರು ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತ ಹತ್ತುತ್ತಿರುತ್ತಾರೆ. ಸಾವಿರ ಸಲ ಬಗ್ಗಿ ಎದ್ದವರ ಮುಂದೆ ಮುಂಗೈ ಗಡಿಯಾರ ನೋಡಿಕೊಳ್ಳಲು ನಾಚಿಕೆಯಾಗುತ್ತದೆ. ಆಷಾಢದ ಜನಜಂಗುಳಿಯಲ್ಲಿ ನಾವು ಅತ್ತ ತಲೆ ಹಾಕುವುದಿಲ್ಲ. ಭಕ್ತಿಯ ವೇಗಕ್ಕೆ ಅಡ್ಡ ಬರಬಾರದು.

ಬೆಟ್ಟದ ದಿನ ಕೆಲವರು ಕಾರಿನಲ್ಲಿ ಮೇಲೆ ಹೋಗಿ, ಮುಖಕ್ಕೆ ನೀರು ಚಿಮುಕಿಸಿಕೊಂಡು ಫೋಟೊಕ್ಕೆ ಸಿದ್ಧರಾಗಿರುತ್ತಾರೆ. ಇದಕ್ಕೂ ಒಲಿಂಪಿಕ್ ಪರಂಪರೆಯಿದೆ. 1904ರ ಸೇಂಟ್ ಲೂಯಿ ಮ್ಯಾರಥಾನಿನಲ್ಲಿ ಫ್ರೆಡ್ ಲೋರ್ಜ್ ಎಂಬವನು ಸುಸ್ತಾಗಿ ಕಾರು ಹತ್ತಿ, ಕೊನೆಗೆ ಇಳಿದು ಓಡಿ, ಎಲ್ಲರಿಗಿಂತ ಮುಂಚೆ ಕ್ರೀಡಾಂಗಣ ಹೊಕ್ಕ, ಚಪ್ಪಾಳೆಯೂ ಬಿತ್ತು. ಗುಟ್ಟು ರಟ್ಟಾಯಿತು. ಆದರೆ ಮರುವರ್ಷ ಅವನೇ ಬಾಸ್ಟನ್ ಮ್ಯಾರಥಾನನ್ನು ಸ್ವಂತ ಕಾಲಿನಲ್ಲಿ ಓಡಿ ಗೆದ್ದ. ಹಾಗಾಗಿ ಕಾರಿನವರನ್ನು ನಾನು ವರದಿಯಲ್ಲಿ ಹಂಗಿಸುವುದಿಲ್ಲ. ಮರುವರ್ಷದವರೆಗೆ ಕಾಯುತ್ತಿದ್ದೇನೆ.

ಆಮೇಲೆ ತಿಂಡಿ. ಒಂದು ಕಿಲೊಮೀಟರ್ ಓಡಿದರೆ ದೇಹದ ತೂಕದ ಪ್ರತಿ ಕೆ.ಜಿ.ಗೆ ಸುಮಾರು ಒಂದು ಕ್ಯಾಲರಿ ಖರ್ಚು. ಎಪ್ಪತ್ತು ಕೆ.ಜಿ. ಆಸಾಮಿ ಕೆರೆ ಸುತ್ತಿದರೆ ಮುನ್ನೂರೈವತ್ತು. ಬೆಣ್ಣೆ ಜಾರುವ ಒಂದು ಮಸಾಲೆ ದೋಸೆ, ಮೇಲೊಂದು ಕಾಫಿ ಹಾಕಿದರೆ ಲೆಕ್ಕ ಸರಿಹೋಗುತ್ತದೆ. "ಒಂದು ಇಡ್ಲಿ ವಡೆ ಹಂಚ್ಕೊಳೋಣವಾ?" ಎಂದು ಯಾರೋ ಕೇಳಿದ ಕ್ಷಣದಿಂದ ನಾವು ಸಾಲಗಾರರು. ಮನೆಯಲ್ಲಿ ನನ್ನಾಕೆ ತಿಂಗಳಿಗೊಮ್ಮೆ ನನ್ನ ಸೊಂಟದ ಕಡೆ ನೋಡಿ, "ಅಲ್ಲಾರೀ, ನೀವು ಓಡ್ತಿರೋದು ಯಾವುದರ ಹಿಂದೆ?" ಎನ್ನುತ್ತಾಳೆ.

ನಮ್ಮ ಗುಂಪಿಗೆ ಹಿರಿಯರು ನಿವೃತ್ತ ಮೇಷ್ಟ್ರೊಬ್ಬರು. ಮಂಡಿ ಆಪರೇಷನ್ ಆದಮೇಲೆ ಓಟ ಬಿಟ್ಟಿದ್ದಾರೆ, ಗುಂಪು ಬಿಟ್ಟಿಲ್ಲ. ವರದಿ ಹಾಕಿದ ಅರ್ಧ ಗಂಟೆಯೊಳಗೆ ಅವರ ಫೋನು. ಮೊದಲು ಕಾಗುಣಿತ ತಿದ್ದುತ್ತಾರೆ. ಆಮೇಲೆ ಕೆರೆಯಲ್ಲಿ ಹೆಜ್ಜಾರ್ಲೆಗಳು ಬಂದಿದ್ದಾವೆಯೇ, ಎಳನೀರಿನವನ ಮಗಳಿಗೆ ಸೀಟು ಸಿಕ್ಕಿತೇ ಎಂದು ವಿಚಾರಣೆ. ಒಮ್ಮೆ ಹೇಳಿದರು: "ಯಾರು ಎಷ್ಟು ಓಡಿದ್ರು ಅಂತ ಬರೀತೀಯಲ್ಲ, ಅದು ಅವರವರ ಗಡಿಯಾರದಲ್ಲೇ ಇರತ್ತೆ. ಯಾರು ಬರಲಿಲ್ಲ ಅನ್ನೋದು ಯಾರ ಗಡಿಯಾರದಲ್ಲೂ ಇರಲ್ಲ. ಅದನ್ನ ಬರಿ."

ಬರೆದೆ. ವರದಿಯ ಕೆಳಗೆ 'ಬಾರದವರು' ಎಂಬ ಅಂಕಣ ಶುರುವಾಯಿತು, ಆವರಣದಲ್ಲಿ ಕಾರಣ ಸಹಿತ. ನನ್ನ ಮಿಂಚಿನ ಓಟ, ಅಪ್ರತಿಹತ ಓಟಗಳನ್ನೆಲ್ಲ ಹಾರಿಸಿ ಜನ ನೇರವಾಗಿ ಅಲ್ಲಿಗೇ ಹೋಗತೊಡಗಿದರು. 'ಕಾರಣ ತಿಳಿಸಿಲ್ಲ' ಎಂದಿದ್ದವರಿಗೆ ಸಂಜೆಯೊಳಗೆ ನಾಲ್ಕು ಫೋನು: ಹುಷಾರಿದ್ದೀರಾ, ಏನಾಯಿತು, ತಿಳಿಸಾರು ಕಳಿಸಲೇ. ವಿಚಾರಣೆಯ ಕಾಟ ತಾಳಲಾರದೆ ಮುಂದಿನ ವಾರ ಅವರು ಐದೂವರೆಗೇ ಗೇಟಿನಲ್ಲಿ ಹಾಜರು. ಓಡಬೇಕೆಂಬ ಆಸೆಯಿಂದ ಬಂದವರಿಗಿಂತ, ಬಾರದವರಾಗಬಾರದೆಂದು ಬಂದವರೇ ನಮ್ಮಲ್ಲಿ ಈಗ ಹೆಚ್ಚು. ಒಬ್ಬನೇ ಓಡುವುದಕ್ಕೆ ಶೂ ಸಾಕು. ಒಟ್ಟಿಗೆ ಓಡುವುದಕ್ಕೆ, ಬರದಿದ್ದಾಗ ಗೊಣಗುವ ನಾಲ್ಕು ಜನ ಬೇಕು.

ಊಟದ ಹೊತ್ತಾಯಿತು, ಈ ವಾರದ್ದನ್ನು ಇನ್ನೂ ಹಾಕಿಲ್ಲ. ನೀವೂ ಓದಿಬಿಡಿ:

ಕೆರೆ ಒಂದು ಸುತ್ತು. ಹವೆ ತಂಪು. ಹೆಜ್ಜಾರ್ಲೆಗಳು ಬಂದಿವೆ. ಬ್ಯಾಂಕಿನ ಸಾರ್ ಐದು ಕಿಲೊಮೀಟರ್, ಸ್ಕೂಟರುಗಳ ಸಹಕಾರದೊಂದಿಗೆ. ಮಂಡಿ ಪರೀಕ್ಷೆ ಮೂವರಿಗೆ. ಎಲ್ಲ ಪುಟ್ಟಂದಿರೂ ಕ್ಷೇಮ. ತಿಂಡಿ: ಸೆಟ್ ದೋಸೆ, ವಿವರ ಮನೆಯವರಿಗೆ ತಿಳಿಸತಕ್ಕದ್ದಲ್ಲ. ಬಾರದವರು: ಚರಿತ್ರೆಯ ಸಾರ್ (ಕಾಲಿಗೆ ಮುಳ್ಳು). ಮೇಷ್ಟ್ರು ಆಟೋದಲ್ಲಿ ಗೇಟಿನವರೆಗೆ ಬಂದು ಬೆಂಚಿನಲ್ಲಿ ಕೂತಿದ್ದರಿಂದ ತಮ್ಮನ್ನು ಬಂದವರ ಪಟ್ಟಿಗೆ ಸೇರಿಸಬೇಕೆಂದು ವಾದಿಸಿದ್ದಾರೆ, ಸೇರಿಸಲಾಗಿದೆ. ಮುಂದಿನ ಭಾನುವಾರ ಬೆಟ್ಟ, ಐದೂವರೆಗೆ ಪಾದದ ಹತ್ತಿರ. ಕಾರಿನಲ್ಲಿ ಮೇಲೆ ಬಂದು ಸೇರುವವರು ಫೋಟೊದಲ್ಲಿ ಮೊದಲ ಸಾಲು ಬಿಟ್ಟುಕೊಡಬೇಕಾಗಿ ವಿನಂತಿ.