ಎರಿ ಮಣ್ಣಿನ ಜೋಡಿ ಎರಡು ಮಾತು

ಮೇ ತಿಂಗಳ ಮಟಮಟ ಮಧ್ಯಾಹ್ನ, ಅಫಜಲಪುರದ ಹೊರಗೊಂದು ಖಾಲಿ ಹೊಲ. ಸಂದರ್ಶನಕ್ಕೆಂದು ಬಗ್ಗಿದ್ದೇ ತಡ, ಜೇಬಿನ ಪೆನ್ನು ಜಾರಿ ಬಿರುಕಿನೊಳಗೆ ಹೋಯಿತು. ಅದರ ಹಿಂದೆಯೇ ಒಳಗಿಂದ ದನಿ ಬಂತು: "ಯಾರ್ರಿ ಅದು? ಕೆಳಗ ನೋಡಿ ನಡೀರಿ!"

ನಾನು: ತಾವು ಎರೆಮಣ್ಣಲ್ಲವೆ?

ಎರಿ: ಊರಾಗ ಎರಿ, ಪುಸ್ತಕದಾಗ ವರ್ಟಿಸಾಲ್. ಲ್ಯಾಟಿನ್‌ದಾಗ ಮಗ್ಗಲು ಬದಲಿಸೋದು ಅಂತ ಅರ್ಥಂತ. ಬ್ಯಾಸಗಿಗೆ ಬಿರೀತೀನಿ, ಮ್ಯಾಲಿನ ಪುಡಿ ಒಳಗ ಬೀಳ್ತದ. ಮಳಿ ಬಿದ್ರ ಉಬ್ಬತೀನಿ, ಒಳಗಿಂದು ಮ್ಯಾಲ ಏಳ್ತದ. ನನ್ನ ಹೊಲ ನಾನೇ ಹರಗ್ತೀನಿ, ಡೀಸೆಲ್ ಬೇಡ.

ನಾನು: ಹುಟ್ಟಿದ್ದು?

ಎರಿ: ಸುಮಾರು 6.6 ಕೋಟಿ ವರ್ಷದ ಹಿಂದ ಇಲ್ಲೆಲ್ಲ ಲಾವಾ ಹರೀತು, ಆರಿ ಕರಿಕಲ್ಲಾತು. ಆಳಂದ ಕಡಿ ಹೋಗಿ ನೋಡ್ರಿ, ಅದೇ ನಮ್ಮವ್ವ. ಜೇವರ್ಗಿ ಕಡಿ ಸುಣ್ಣಗಲ್ಲಿನ ಬಳಗಾನೂ ಅದ. ಮಳಿ ಬಿಸಲು ಕಲ್ಲು ತಿಂದು ತಿಂದು ಈ ಜಿಗಟು ಮಾಡ್ಯಾವ.

ನಾನು: ತಮ್ಮ ಬಗ್ಗೆ ಶಾಸ್ತ್ರವೇ ಇದೆಯಂತೆ.

ಎರಿ: ರಷ್ಯಾದ ದೊಕುಚಾಯೆವ್ 1883ರಾಗ ಅಲ್ಲಿನ ಕರಿಮಣ್ಣಿನ ಮ್ಯಾಲ ಪುಸ್ತಕ ಬರದ. 1941ರಾಗ ಹಾನ್ಸ್ ಜೆನ್ನಿ ಅಂಬಾಂವ ಹವಾ, ಜೀವ, ಏರು-ತಗ್ಗು, ಮೂಲಕಲ್ಲು, ಕಾಲ ಅಂತ ಮಣ್ಣು ಹುಟ್ಟಾಕ ಐದು ಕಾರಣ ಎಣಿಸಿದ. ಆರನೇದು ಜೆಸಿಬಿ, ಪಾಪ, ಅವಗ ಗೊತ್ತಿರಲಿಲ್ಲ. ರಷ್ಯಾದ ಮಣ್ಣು ಹುಲ್ಲು ಕೊಳೆತು ಕರ್ರಗಾಗಿದ್ದು. ನನ್ನ ಬಣ್ಣ ನಂಬಬ್ಯಾಡ್ರಿ, ಒಳಗ ಸಾವಯವ ಇಂಗಾಲ ಕಮ್ಮಿ. ಮಂದಿ ಮಾರಿ ನೋಡಿ ಭಾರಿ ಫಲವತ್ತು ಅಂತಾರ.

ನಾನು: 2015ರಿಂದ ಮಣ್ಣು ಆರೋಗ್ಯ ಚೀಟಿ ಬಂತಲ್ಲ?

ಎರಿ: ಹನ್ನೆರಡು ಪರೀಕ್ಷೆ! ಮನಷ್ಯಾಗ ಅಷ್ಟು ಮಾಡಿದ್ರ ಬಿಲ್ ನೋಡೇ ಮಲಗ್ತಾನ. ಆದ್ರ ಮಾದರಿ ತೆಗಿಯೋದು ಮ್ಯಾಲಿನ ಗೇಣಷ್ಟರಾಗ. ನನ್ನ ಸಂಸಾರ ಅದರ ಕೆಳಗ ಅದ. ಹಿಂಗಾರಿ ಬಿಳಿಜೋಳ ಬಿತ್ತಿದ ಮ್ಯಾಲ ಹನಿ ಮಳಿ ಇಲ್ಲದಿದ್ರೂ ತೆನಿ ಕಟ್ಟತದಲ್ಲ, ಯಾರ ಪುಣ್ಯ? ಮಳಿಗಾಲದಾಗ ನಾ ಆಳದಾಗ ಗಂಟು ಕಟ್ಟಿಟ್ಟ ಹಸಿ ಅದು. ಚೀಟಿಯೊಳಗ ಆ ಗಂಟಿಗೆ ಕಾಲಮ್ಮೇ ಇಲ್ಲ.

ನಾನು: ಇಲ್ಲಿನ ತೊಗರಿಗೆ ಹೆಸರು ಬಂತಲ್ಲ?

ಎರಿ: 2019ರಾಗ ಜಿಐ ಟ್ಯಾಗ್ ಸಿಕ್ತು. ಹೆಸರು ಊರಿಂದು, ಫೋಟೋ ಬ್ಯಾಳಿದು. ನನಗ ಸಿಕ್ಕಿದ್ದು ಚಪ್ಪಲಿ ಕೆರೆಯೋ ಕಡ್ಡಿ.

ನಾನು: ಮರ್ಯಾದೆಯೇ ಇಲ್ಲವೆ?

ಎರಿ: ವರ್ಷಕ್ಕ ಎರಡು ದಿನ ಅದ. ಮಣ್ಣೆತ್ತಿನ ಅಮಾಸಿಗೆ ನನ್ನಿಂದ ಎತ್ತು ಮಾಡ್ತಾರ. ಒಣಗ್ತಾ ಕೋಡಿನ ಬುಡದಾಗ ಕೂದಲೆಳಿಯಷ್ಟು ಸೀಳು ಬಿಡ್ತದ. ಹುಡುಗ್ರು ಬೆರಳಿಗೆ ಉಗುಳು ಹಚ್ಚಿ ಸವರ್ತಾವ. ಬಿರಿಯೋದು ನಮ್ಮ ಮನೆತನದ ಗುಣ, ಏನ್ ಮಾಡೋದು? ಎಳ್ಳಮಾಸಿಗೆ ಸಜ್ಜಿ ರೊಟ್ಟಿ, ಭಜ್ಜಿ ತಂದು ಚರಗ ಚೆಲ್ಲತಾರ. ಆಮ್ಯಾಲ ಮತ್ತ ಯೂರಿಯಾ ಚೀಲ.

ನಾನು: ಕೊನೆಯದಾಗಿ, ನನ್ನ ಪೆನ್ನು...

ಎರಿ: ಮಳಿ ಆಗ್ಲಿ, ಬರ್ರಿ. ಒಳಗ ಇನ್ನೂ ಮೂರು ಅದಾವ. ನಿಮ್ಮದು ಯಾವುದಂತ ಗುರುತು ಹೇಳಿ ಒಯ್ರಿ.