ಎರಡು ಚಮಚ ಸಕ್ಕರೆ

ನಮ್ಮ ಮನೆಗೂ ಪಕ್ಕದ ರಾಯರ ಮನೆಗೂ ನಡುವೆ ಎದೆಮಟ್ಟದ ಕಾಂಪೌಂಡು. ಅದರ ಮೇಲೊಂದು ಚಪ್ಪಡಿ ಕಲ್ಲು. ಸಂಜೆ ಐದಾದರೆ ಆ ಕಲ್ಲಿನ ಮೇಲೆ ಒಂದು ಲೋಟ ಕಾಫಿ ಬಂದು ಕೂರುತ್ತದೆ. ರಾಯರು ಕೆಮ್ಮುತ್ತಾರೆ, ನಾನು ಎದ್ದು ಹೋಗುತ್ತೇನೆ. ನಮ್ಮ ಮನೆಯಲ್ಲಿ ನನ್ನ ಕಾಫಿಗೆ ಸಕ್ಕರೆ ನಿಂತು ಎರಡು ವರ್ಷವಾಯಿತು. ರಕ್ತದಲ್ಲೇ ಬೇಕಾದಷ್ಟಿದೆ ಎಂದು ಡಾಕ್ಟರು ಹೇಳಿದ ಮೇಲೆ ಡಬ್ಬಿ ಅಟ್ಟ ಸೇರಿತು. ‘ರಾಯರ ಮನೇಲೂ ಹೇಳಿಬಿಟ್ಟಿದ್ದೀನಿ ಕಣೇ, ಸಕ್ಕರೆ ಹಾಕಲ್ಲ’ ಎಂದು ನಾನು ಮನೆಯಾಕೆಗೆ ಕೊಟ್ಟ ಭರವಸೆಯ ಮೇಲೆ ಈ ಗೋಡೆಯ ವ್ಯವಹಾರ ಸುಗಮವಾಗಿ ನಡೆದಿತ್ತು.

ಆವತ್ತು ರಾಯರಿಗೆ ಮಗಳ ಊರಿಗೆ ರೈಲು ಟಿಕೆಟ್ ಬೇಕಿತ್ತು. ಲ್ಯಾಪ್‌ಟಾಪನ್ನು ಅದೇ ಕಲ್ಲಿನ ಮೇಲಿಟ್ಟು ಹುಡುಕುತ್ತಿದ್ದೆ. ‘ಇಲ್ಲಿ ನೋಡಪ್ಪಾ, ಲೋಯರ್ ಬರ್ತ್ ಇದೆ’ ಎಂದು ರಾಯರು ಬೆರಳು ಚಾಚಿದರು. ಬೆರಳು ಪರದೆ ಮುಟ್ಟಿತು, ಮೊಣಕೈ ಲೋಟ ಮುಟ್ಟಿತು.

ಕಾಫಿ ಕೀಲಿಗಳ ಸಂದಿಯಲ್ಲಿ ಇಳಿದುಹೋದ ವೇಗ ನೋಡಬೇಕಿತ್ತು. ಬೇಸಿಗೆಯ ಹೊಲಕ್ಕೆ ಮೊದಲ ಮಳೆ ಬಿದ್ದ ಹಾಗೆ. ಆಗ ನಾನು ಮಾಡಬೇಕಿದ್ದದ್ದು ಇಷ್ಟೇ: ಚಾರ್ಜರ್ ಕೀಳುವುದು, ಪವರ್ ಬಟನ್ನನ್ನು ಹತ್ತು ಸೆಕೆಂಡು ಅದುಮಿ ಹಿಡಿದು ಆರಿಸುವುದು, ಗುಡಾರದ ಹಾಗೆ ಬೋರಲು ನಿಲ್ಲಿಸುವುದು. ಮಾಡಿದ್ದು? ಒರೆಸುವ ಬಟ್ಟೆ ತರಲು ಒಳಗೆ ಓಡಿದೆ. ಬಂದು ನೋಡಿದರೆ ಪರದೆ ಇನ್ನೂ ಬೆಳಗುತ್ತಿದೆ. ಸದ್ಯ, ಏನೂ ಆಗಿಲ್ಲ ಅಂದುಕೊಂಡು ಟಿಕೆಟ್‌ಗೆ ದುಡ್ಡು ಕಟ್ಟಲು ಕೂತೆ. ಒಟಿಪಿ ಬಂತು, ಪರದೆ ಹೋಯಿತು.

ಇನ್ನು ಸಲಹೆಗಳಿಗೇನು ಕೊರತೆ? ಕೂದಲು ಒಣಗಿಸುವ ಯಂತ್ರ ಹಿಡಿ ಎಂದು ನಾದಿನಿ ಫೋನಿನಲ್ಲಿ ಹೇಳಿದಳು. ಹಿಡಿದಿದ್ದರೆ ಕೀಲಿಗಳು ಸೊಟ್ಟಗಾಗಿ ಕಾಫಿ ಇನ್ನೂ ಒಳಕ್ಕೆ ಹೋಗುತ್ತಿತ್ತು. ಎದುರು ಮನೆಯವರು ತಾರಸಿಯ ಬಿಸಿಲು ತೋರಿಸಿದರು, ಹಪ್ಪಳಕ್ಕೆ ತೋರಿಸಿದ ಹಾಗೆ. ಗೆದ್ದದ್ದು ಮಾತ್ರ ರಾಯರ ಮನೆಯವರ ಅಕ್ಕಿ. ಸೋನಾ ಮಸೂರಿಯ ಡ್ರಮ್ಮನ್ನೇ ಗೋಡೆ ದಾಟಿಸಿದರು. ಲ್ಯಾಪ್‌ಟಾಪು ಎರಡು ದಿನ ಅದರೊಳಗೆ ಸಮಾಧಿಸ್ಥವಾಗಿತ್ತು. ಐಫೋನ್ ಒದ್ದೆಯಾದರೆ ಅಕ್ಕಿ ಚೀಲಕ್ಕೆ ಹಾಕಬೇಡಿ, ಅಕ್ಕಿಯ ಪುಡಿಯೇ ಅದನ್ನು ಕೆಡಿಸಬಹುದು ಎಂದು ಆಪಲ್‌ನವರೇ 2024ರಲ್ಲಿ ಹೇಳಿದ್ದಾರೆ. ಆದರೆ ಅಕ್ಕಿ ಹೊತ್ತು ತಂದ ನೆರೆಮನೆಯವರ ಎದುರು ಆಪಲ್‌ನವರ ಮಾತು ಯಾರು ಎತ್ತುತ್ತಾರೆ?

ನಡುನಡುವೆ ಮಲಗಿದ ಮಗುವನ್ನು ‘ನಿದ್ದೆ ಬಂತಾ’ ಎಂದು ಎಬ್ಬಿಸಿ ಕೇಳುವವರ ಹಾಗೆ ನಾನು ಬಟನ್ ಒತ್ತಿ ಒತ್ತಿ ನೋಡಿದೆ. ದೊಡ್ಡ ತಪ್ಪು ಅದೇ ಎಂದು ಗೊತ್ತಾಗಿದ್ದು ಮೂರನೇ ದಿನ, ಎಸ್.ಪಿ. ರೋಡಿನಲ್ಲಿ.

ಬೆಂಗಳೂರಿನ ಈ ರೋಡಿಗೆ ಸಾದರ್ ಪತ್ರಪ್ಪ ರಸ್ತೆ ಎಂಬ ಪೂರ್ತಿ ಹೆಸರಿದೆ ಎನ್ನುವುದೇ ಅರ್ಧ ಊರಿಗೆ ಮರೆತುಹೋಗಿದೆ. ಕೇಬಲ್, ಚಾರ್ಜರ್, ಹಳೇ ಮದರ್‌ಬೋರ್ಡ್‌ಗಳ ಆ ಸಂತೆಯಲ್ಲಿ ಒಂದು ಕಿರಿದಾದ ಮೆಟ್ಟಿಲು ಹತ್ತಿದೆವು. ‘ಹತ್ತಿದೆವು’ ಎಂದರೆ, ಚಿಕ್ಕಪೇಟೆಯಲ್ಲಿ ಸೀರೆ ನೋಡುವುದಿದೆ ಎಂದು ಮನೆಯಾಕೆಯೂ ಜೊತೆಗಿದ್ದಳು. ರಿಪೇರಿ ಹುಡುಗ ಲ್ಯಾಪ್‌ಟಾಪನ್ನು ಬೋರಲು ಮಾಡಿ ಒಮ್ಮೆ ಕುಲುಕಿದ. ಫ್ಯಾನಿನ ಸಂದಿಯಿಂದ ನಾಲ್ಕು ಕಾಳು ಉದುರಿದವು.

‘ಅಕ್ಷತೆ ಹಾಕಿಸ್ಕೊಂಡು ಬಂದಿದೆ’ ಎಂದ. ಸ್ಕ್ರೂ ಬಿಚ್ಚುತ್ತಲೇ ಕೇಳಿದ, ‘ಏನು ಚೆಲ್ಲಿದ್ದು ಸಾರ್?’

‘ಕಾಫಿ.’

‘ಹಾಲು ಹಾಕಿದ್ದಾ?’

‘ಹೂಂ.’

‘ಸಕ್ಕರೆ?’

ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ. ‘ಅವರು ಸಕ್ಕರೆ ಹಾಕ್ಕೊಳಲ್ಲಪ್ಪ’ ಎಂದಳು ಮನೆಯಾಕೆ, ಹೆಮ್ಮೆಯಿಂದ.

ಹುಡುಗ ಮಾತಾಡಲಿಲ್ಲ. ಮೊದಲು ಬ್ಯಾಟರಿಯ ತಂತಿ ಕಿತ್ತ, ಬೋರ್ಡು ಹೊರಗೆ ತೆಗೆದು ದೀಪದ ಕೆಳಗೆ ಹಿಡಿದ. ಕಂದು ಬಣ್ಣದ ಪಾಕ ಒಣಗಿ ಹೊಳೆಯುತ್ತಿತ್ತು. ಬೆರಳಿಟ್ಟು ಎತ್ತಿದ; ಬೋರ್ಡೂ ಜೊತೆಗೇ ಎದ್ದಿತು. ‘ಎರಡು ಚಮಚ ಅಂತೂ ಇತ್ತು ಮೇಡಂ’ ಎಂದ.

ಆ ಹುಡುಗನ ವಿದ್ಯೆ ಹಾಳಾಗ! ಆದರೂ ಅವನು ವಿವರಿಸಿದ್ದು ಚೆನ್ನಾಗಿತ್ತು, ಅಥವಾ ಮಾತು ಬೇರೆ ಕಡೆ ತಿರುಗಲಿ ಎಂದು ನಾನೇ ಕೆದಕಿ ಕೆದಕಿ ಕೇಳಿದೆ. ಸಕ್ಕರೆಯಲ್ಲಿ ಕರೆಂಟ್ ಹರಿಯುವುದಿಲ್ಲವಂತೆ. ಅದು ಅಂಟಿಕೊಂಡು ಕೂತು ತೇವ ಹಿಡಿದಿಡುತ್ತದೆ. ಕರೆಂಟಿಗೆ ದಾರಿ ಬಿಡುವುದು ಕಾಫಿ, ಹಾಲಿನಲ್ಲಿರುವ ಲವಣಗಳು. ಯಂತ್ರ ಆರಿಸಿದರೂ ಒಳಗಿನ ಬ್ಯಾಟರಿಯಿಂದ ಬೋರ್ಡಿನ ಕೆಲವು ಕಡೆ ವೋಲ್ಟೇಜ್ ಇದ್ದೇ ಇರುತ್ತದೆ. ತೇವವೂ ವೋಲ್ಟೇಜೂ ಸೇರಿದರೆ ತಾಮ್ರ ಕರಗುತ್ತಾ ಹೋಗುತ್ತದೆ. ಅಲ್ಲಲ್ಲಿ ಹಸಿರು ಕಟ್ಟಿತ್ತು. ನಮ್ಮಜ್ಜಿಯ ತಾಮ್ರದ ಚೊಂಬಿಗೆ ಹಿಡಿಯುತ್ತಿದ್ದ ಅದೇ ಕಿಲುಬು! ಹುಣಸೆಹಣ್ಣು ಹಾಕಿ ತಿಕ್ಕಿದರೆ ಹೋಗುತ್ತದೆ ಎಂದೆ. ಹುಡುಗ ಬಾಟಲಿಯಲ್ಲಿದ್ದ ಐಸೊಪ್ರೊಪೈಲ್ ಆಲ್ಕೊಹಾಲಿಗೆ ಹಳೇ ಟೂತ್‌ಬ್ರಶ್ ಅದ್ದಿ, ಹಾಲುಹಲ್ಲಿನ ಮಗುವಿಗೆ ಹಲ್ಲುಜ್ಜುವಷ್ಟು ನಾಜೂಕಾಗಿ ಉಜ್ಜಿದ. ಅದು ಜಿಡ್ಡನ್ನು ಬಿಡಿಸಿ ತಾನು ಬೇಗ ಆವಿಯಾಗಿ ಹೋಗುತ್ತದೆ. ಆಮೇಲೆ ಮೀಟರಿನ ಕಡ್ಡಿಗಳನ್ನು ಅಲ್ಲಿ ಇಲ್ಲಿ ಇಟ್ಟು, ಎಲ್ಲಿ ಕೀಂ ಎನ್ನುತ್ತದೆ, ಎಲ್ಲಿ ಎನ್ನುವುದಿಲ್ಲ ಎಂದು ನೋಡಿದ. ಒಂದು ಸಾಸಿವೆ ಕಾಳಿನಷ್ಟರ ಬಿಡಿಭಾಗ ಬದಲಾಯಿಸಿದ.

ಕೀಬೋರ್ಡಿಗೆ ಮಾತ್ರ ಮೋಕ್ಷವಿಲ್ಲ ಎಂದ. ಈಗಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಅದಕ್ಕೆ ಸ್ಕ್ರೂ ಇರುವುದಿಲ್ಲ. ಪ್ಲಾಸ್ಟಿಕ್ ಕರಗಿಸಿ ಮೇಲಿನ ತಟ್ಟೆಗೇ ಬೆಸೆದಿರುತ್ತಾರೆ, ಕೀಬೋರ್ಡ್ ಬೇಕೆಂದರೆ ತಟ್ಟೆ ಸಮೇತ ಕೊಳ್ಳಿ ಅನ್ನುತ್ತಾರೆ. ಥಿಂಕ್‌ಪ್ಯಾಡ್‌ನವರು ಹಿಂದೆಯೇ ಕೀಬೋರ್ಡಿನ ಕೆಳಗೆ ತೂತು ಕೊರೆದು, ಚೆಲ್ಲಿದ ನೀರು ತಳದಿಂದ ಸುರಿದುಹೋಗುವ ಹಾಗೆ ಮಾಡಿದ್ದರಂತೆ. ಬಚ್ಚಲಿಗೆ ತೂಬು ಬೇಕೆನ್ನುವ ಬುದ್ಧಿ ಅವರಿಗಾದರೂ ಹೊಳೆದಿದೆ. ತೆಳ್ಳಗೆ ಮಾಡುತ್ತೇವೆ ಎಂದು ಹೊರಟವರಿಗೆ ಏನು ಹೇಳೋಣ?

ಯಂತ್ರ ಬದುಕಿತು. ಮನೆವರೆಗೆ ಆಟೋದಲ್ಲಿ ಯಾರೂ ಮಾತಾಡಲಿಲ್ಲ. ಸೀರೆ ಎರಡಾಗಿತ್ತು.

ಈಗಲೂ ಸಂಜೆ ಐದಕ್ಕೆ ಲೋಟ ಬರುತ್ತದೆ. ರಾಯರು ಕೆಮ್ಮುತ್ತಾರೆ, ಮನೆಯಾಕೆ ಎದ್ದು ಹೋಗಿ ಒಂದು ಗುಟುಕು ಕುಡಿದು ನೋಡಿ ನನಗೆ ಕೊಡುತ್ತಾಳೆ. ಮೊನ್ನೆ ಅವಳು ದೇವಸ್ಥಾನಕ್ಕೆ ಹೋಗಿದ್ದಾಗ ರಾಯರು ಗೋಡೆಯ ಮೇಲೆ ಬಗ್ಗಿ, ದನಿ ತಗ್ಗಿಸಿ ಕೇಳಿದರು:

‘ಬೆಲ್ಲದ ವಿಷಯ ಆ ಹುಡುಗ ಏನಾದ್ರೂ ಅಂದ್ನೇನಪ್ಪಾ?’