ಐವರಿಗೆ ನಾಲ್ಕು

ಹಂಚಿಕೊಂಡು ತಿನ್ನುವ ಹೋಟೆಲುಗಳ ಲೆಕ್ಕವೇ ಬೇರೆ. ಮೂವರು ಕೂತರೂ ತಟ್ಟೆಯಲ್ಲಿ ನಾಲ್ಕು ತುಂಡು, ಐವರು ಕೂತರೂ ನಾಲ್ಕೇ. ಮಿಕ್ಕಿದ್ದು ಅವರವರ ಸಂಸ್ಕಾರಕ್ಕೆ ಬಿಟ್ಟದ್ದು.

ಅಣ್ಣನ ಮಗ ಬಡ್ತಿ ಸಿಕ್ಕ ಖುಷಿಗೆ ನಮ್ಮನ್ನೆಲ್ಲ ಇಂದಿರಾನಗರದ ಇಂಥದೊಂದು ಹೋಟೆಲಿಗೆ ಕರೆದೊಯ್ದ. ಥಾಯ್, ಮಲಯ, ವಿಯೆಟ್ನಾಮ್ ಅಡುಗೆಗೆ ನಮ್ಮ ತುಪ್ಪ, ಚಟ್ನಿಪುಡಿ ಸೋಕಿಸಿದ ಫ್ಯೂಷನ್. "ಎಲ್ಲಾ ಶೇರಿಂಗ್ ಪ್ಲೇಟ್ಸು ಸಾರ್, ರೆಡಿ ಆದ ಹಾಗೇ ಬರುತ್ತೆ" ಎಂದ ಬಡಿಸುವ ಹುಡುಗ. ಎಲೆಯ ಯಾವ ತುದಿಗೆ ಉಪ್ಪು, ಅದರ ಪಕ್ಕಕ್ಕೆ ಯಾವುದು ಎಂಬ ಶಿಸ್ತಿನಲ್ಲೇ ಬದುಕು ಸವೆಸಿದ ನಮ್ಮ ಸೋದರತ್ತೆಗೆ ಇದು ಶುದ್ಧ ಅರಾಜಕತೆ. "ಅನ್ನ ಯಾವಾಗಪ್ಪಾ?" ಎಂದರು. ಅದನ್ನು ಬೇರೆಯಾಗಿ ಹೇಳಬೇಕಂತೆ. ಹೇಳಿದೆವು.

ಮೊದಲು ಬಂದದ್ದು ಥಾಯ್ಲೆಂಡಿನ ಮಿಯಾಂಗ್ ಖಾಮ್. ವೀಳ್ಯದೆಲೆಯ ದಾಯಾದಿಯಾದ ಒಂದು ಎಲೆ. ಅದರೊಳಗೆ ಹುರಿದ ತೆಂಗಿನಕಾಯಿ, ಕಡಲೆಕಾಯಿ, ಶುಂಠಿ, ಸಿಪ್ಪೆ ಸಮೇತ ಹೆಚ್ಚಿದ ನಿಂಬೆ, ಮೆಣಸಿನಕಾಯಿ, ಮೇಲೊಂದಿಷ್ಟು ಬೆಲ್ಲದ ಪಾಕ. ಅಲ್ಲಿ ಒಣಸೀಗಡಿಯೂ ಇರುತ್ತದೆ. ಅತ್ತೆಯ ದೆಸೆಯಿಂದ ನಮ್ಮ ಮೇಜಿಗೆ ಅದು ಬರಲಿಲ್ಲ. "ಇದೇನೋ, ಊಟಕ್ಕೆ ಮುಂಚೆಯೇ ತಾಂಬೂಲ ಕೊಟ್ಟು ಕಳಿಸ್ತಿದಾರೆ!" ಎಂದವರು ಬಾಯಿಗಿಟ್ಟುಕೊಂಡು ಸುಮ್ಮನಾದರು. ಕೈ ಎರಡನೆಯದರ ಕಡೆ ಹೋಯಿತು. ಐವರಿಗೆ ನಾಲ್ಕು ಎಂಬ ಸಮಸ್ಯೆ ಹೀಗೆ ನಾಲ್ವರಿಗೆ ಎರಡಾಯಿತು.

ಅಣ್ಣನ ಮಗರಾಯ ಎಲ್ಲರ ಕೈಗೂ ಚಾಪ್‌ಸ್ಟಿಕ್ ಕೊಟ್ಟ. ಥಾಯ್ ಜನ ನೂಡಲ್ಸಿಗಷ್ಟೇ ಅದನ್ನು ಹಿಡಿಯುವುದು, ಅನ್ನದ ಊಟಕ್ಕೆ ಚಮಚವೇ ಎಂದು ನನ್ನ ಪಾಂಡಿತ್ಯ ತೋರಿಸಿ ಚಮಚ ಗಿಟ್ಟಿಸಿಕೊಂಡೆ. ಪಾಂಡಿತ್ಯ ಹೊಟ್ಟೆಗೆ ಒದಗಿದ್ದು ಅಪರೂಪ.

ಹಾಗೆ ನೋಡಿದರೆ ಫ್ಯೂಷನ್ ಆ ಸೀಮೆಗೆ ಹೊಸದೇನಲ್ಲ. ಮಲಾಕ್ಕಾದಲ್ಲಿ ನೆಲೆಯೂರಿದ ಚೀನೀ ವ್ಯಾಪಾರಿಗಳ ಮನೆಗಳಲ್ಲಿ ಮಲಯ ಮಸಾಲೆ ಬೆರೆತು ನ್ಯೋನ್ಯಾ ಅಡುಗೆ ಹುಟ್ಟಿತು. 1511ರಲ್ಲಿ ಆ ಊರನ್ನು ಹಿಡಿದ ಪೋರ್ಚುಗೀಸರು ಹಿಂದಿನ ವರ್ಷವಷ್ಟೇ ಗೋವೆಯನ್ನು ಹಿಡಿದಿದ್ದರು. ಅಮೆರಿಕದ ಮೆಣಸಿನಕಾಯಿ ಏಷ್ಯಾಕ್ಕೆ ಬಂದದ್ದು ಅವರ ಹಡಗುಗಳ ಕಾಲದಲ್ಲೇ. ಯಾರೂ ಆಗ ಮೆನುವಿನಲ್ಲಿ ಫ್ಯೂಷನ್ ಎಂದು ಬರೆದು ದುಡ್ಡು ಹೆಚ್ಚಿಗೆ ಕೇಳಲಿಲ್ಲ, ಅಷ್ಟೆ.

ನನ್ನ ತಕರಾರು ಬೇರೆ. ಥಾಯ್, ಮಲಯ ಮನೆಗಳಲ್ಲಿ ನಡುವಿನ ಬಟ್ಟಲುಗಳು ಎಲ್ಲರವು, ಆದರೆ ಮುಂದಿನ ತಟ್ಟೆಯ ಅನ್ನ ಅವರವರದೇ. ಹೊಟ್ಟೆಗೆ ಆ ಧೈರ್ಯವಿದ್ದರೆ ವ್ಯಂಜನ ಹಂಚಿಕೊಳ್ಳುವುದು ಏನು ಮಹಾ? ಈ ಹೋಟೆಲುಗಳು ಬಟ್ಟಲು ತಂದವು, ಅನ್ನ ಮರೆತವು. ಅದಕ್ಕೇ ಕೊನೆಯ ಬಾವೊ ಬನ್ನು ಮೇಜಿನ ಮೇಲೆ ಆರುತ್ತ ಕೂತಿತ್ತು. "ನೀವು ತಗೊಳ್ಳಿ", "ಛೆ, ನೀವು" ಎಂಬ ಉಪಚಾರ ಎರಡು ಸುತ್ತು ಮುಗಿದಿತ್ತು. ಹುಡುಗ "ತೆಗೀಲಾ ಸಾರ್?" ಎಂದಾಗ ಐದು ಬಾಯಿಂದಲೂ ಒಟ್ಟಿಗೆ "ಬೇಡ!"

ಅಷ್ಟರಲ್ಲಿ ಅಂಗೈಯಗಲದ ಬಟ್ಟಲಲ್ಲಿ ಅನ್ನ ಬಂತು. ಅತ್ತೆ ಅದನ್ನು ತಮ್ಮತ್ತ ಎಳೆದುಕೊಂಡು, ಸೆರಗು ಸಿಕ್ಕಿಸಿ, ಎದ್ದುನಿಂತು ಬಡಿಸತೊಡಗಿದರು. ಗಾಬರಿಯಿಂದ ಓಡಿಬಂದ ಹುಡುಗನಿಗೆ, "ಇನ್ನೊಂದು ಸ್ವಲ್ಪ ತಾರಪ್ಪ, ಮೊಸರಿದ್ರೆ ಅದನ್ನೂ" ಎಂದರು.